ಬಯಲು ಹಾಳಾದ ಕಾಡಲ್ಲ

ಗೆಜ್ಜಲಗೆರೆಯಲ್ಲಿ ಹೆದ್ದಾರಿಯ ಎರಡೂ ಕಡೆ ಕಾಣುವ ಕಬ್ಬು, ಭತ್ತ, ತೆಂಗಿನ ಹಸಿರಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಅದು 1930ರ ದಶಕದಲ್ಲಿ ಕನ್ನಂಬಾಡಿ ನಾಲೆ ತಂದ ಹಸಿರು. ಮಂಡ್ಯ ಸೀಮೆಯ ಹಳೆಯ ಮುಖ ಕಾಣಬೇಕಾದರೆ ನಾಲೆ ಏರದ ದಿಬ್ಬಗಳ ಗೋಮಾಳಕ್ಕೆ ಹೋಗಬೇಕು: ಮೊಣಕಾಲುದ್ದದ ಹುಲ್ಲು, ನಡುನಡುವೆ ಜಾಲಿ, ಕಾರೆ, ತಂಗಡಿ. ಮಳೆಗಾಲ ಬಂತೆಂದರೆ ಸಸಿ ನೆಡುವವರ ಕಣ್ಣು ಬೀಳುವುದೂ ಈ ನೆಲದ ಮೇಲೆಯೇ. ಕಳೆದುಹೋದ ಕಾಡನ್ನು ಮರಳಿ ತರುತ್ತೇವೆ ಎನ್ನುತ್ತಾರೆ. ಅಲ್ಲಿ ಕಾಡು ಇತ್ತೆಂದು ಹೇಳಿದವರು ಯಾರು?

ಹೇಳಿದ್ದು ನಮ್ಮದೇ ಶಾಸ್ತ್ರ. ಗಿಡಮರಗಳ ಎಲ್ಲೆಯನ್ನೇ ಅಳತೆಗೋಲಾಗಿಸಿಕೊಂಡು ಹವಾಮಾನ ವಿಜ್ಞಾನಿ ಕೋಪೆನ್ ಜಗತ್ತಿನ ಹವಾಮಾನವನ್ನು ವಿಂಗಡಿಸಿದರು. ಭಾರತದ ಕಾಡುಗಳನ್ನು ಅರಣ್ಯಾಧಿಕಾರಿ ಚಾಂಪಿಯನ್ 1936ರಲ್ಲಿ ವರ್ಗೀಕರಿಸಿದರು. ಸೇಠ್ ಜೊತೆಗೂಡಿ ಅದನ್ನು ಪರಿಷ್ಕರಿಸಿದ್ದು 1968ರಲ್ಲಿ. ಅರಣ್ಯಾಧಿಕಾರಿಯ ಕಣ್ಣಿಗೆ ಮರವೇ ಮುಖ್ಯ. ಹಾಗಾಗಿ ಕುರುಚಲು ನೆಲ ಎಲೆಯುದುರುವ ಕಾಡು ಕ್ಷೀಣಿಸಿದ ಹಂತ ಎನಿಸಿಕೊಂಡಿತು. 1973ರಲ್ಲಿ ದಬಡ್‌ಘಾವ್ ಮತ್ತು ಶಂಕರನಾರಾಯಣ್ ದೇಶದ ಹುಲ್ಲುಹೊದಿಕೆಯನ್ನೇ ಸಮೀಕ್ಷೆ ಮಾಡಿ ದಖ್ಖನ್ನಿನ ಹುಲ್ಲುಗಳಿಗೆ ಅವುಗಳದೇ ಹೆಸರಿನ ಸ್ಥಾನ ಕೊಟ್ಟರು. ಆದರೂ ಹುಲ್ಲು ಕಾಡಿನ ಕೆಳಗಿನ ಮೆಟ್ಟಿಲು ಎಂಬ ಎಣಿಕೆ ಅಳಿಯಲಿಲ್ಲ.

ಅದು ಅಲುಗಾಡಿದ್ದು ನಮ್ಮ ಕಾಲದಲ್ಲಿ. ಈಗ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿರುವ ಮಹೇಶ್ ಶಂಕರನ್ ಮತ್ತು ಹಲವು ದೇಶಗಳ ಸಂಗಡಿಗರು 2005ರಲ್ಲಿ ಆಫ್ರಿಕಾದ ಸವನ್ನಾಗಳ, ಎಂದರೆ ಮರ ಚದುರಿ ನಿಂತ ಹುಲ್ಲುಬಯಲುಗಳ, ಲೆಕ್ಕ ಕೂಡಿಸಿ ನೋಡಿದರು. ವರ್ಷಕ್ಕೆ ಸುಮಾರು 650 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವಲ್ಲಿ ಮರ ದಟ್ಟವಾಗದಂತೆ ಮಳೆಯ ಕೊರತೆಯೇ ತಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಬೆಂಕಿ ಮತ್ತು ಮೇಯುವ ಪ್ರಾಣಿಗಳು ಬಯಲನ್ನು ಬಯಲಾಗಿ ಉಳಿಸುತ್ತವೆ. ಮಂಡ್ಯದ ಮಳೆ ಸುಮಾರು 700 ಮಿ.ಮೀ., ಅದೂ ಮುಂಗಾರು ಹಿಂಗಾರುಗಳಿಗೆ ಹಂಚಿಹೋದದ್ದು. ನಾವಿರುವುದು ಹೆಚ್ಚುಕಡಿಮೆ ಆ ಗಡಿಯ ಮೇಲೆ.

ಪರಿಸರ ವಿಜ್ಞಾನಿ ಜಯಶ್ರೀ ರತ್ನಂ ಮತ್ತು ಜೊತೆಗಾರರ 2011ರ ಪ್ರಬಂಧವನ್ನು ನಾನು ಈ ಕ್ಷೇತ್ರದ ತಿರುವು ಎಂದೇ ಎಣಿಸುತ್ತೇನೆ. ಕಾಡೋ ಸವನ್ನಾವೋ ಎಂದು ತೀರ್ಮಾನಿಸಲು ಮರಗಳನ್ನು ಎಣಿಸಿದರೆ ಸಾಲದು, ಕಾಲಡಿ ನೋಡಬೇಕು ಎಂದರು ಅವರು. ಬಿಸಿಲು ಬೇಡುವ ಹುಲ್ಲು ನೆಲ ತುಂಬಿದ್ದು, ಮರಗಳ ತೊಗಟೆ ದಪ್ಪಗಿದ್ದು, ಸುಟ್ಟ ಬುಡ ಮತ್ತೆ ಚಿಗುರುವಂತಿದ್ದರೆ ಅದು ಸವನ್ನಾ. ನಾವು ಒಣ ಎಲೆಯುದುರುವ ಕಾಡೆಂದು ಕರೆಯುತ್ತ ಬಂದ ಎಷ್ಟೋ ನೆಲ ಈ ಲಕ್ಷಣಕ್ಕೆ ಹೊಂದುತ್ತದೆ. ಇಂಥ ಹುಲ್ಲುಗಳು ಸುಮಾರು 70 ಲಕ್ಷ ವರ್ಷಗಳ ಹಿಂದೆಯೇ ಹರಡಿದ್ದವು ಎಂಬುದಕ್ಕೆ ಹಿಮಾಲಯದ ತಪ್ಪಲಿನ ಶಿವಾಲಿಕ್ ಮಣ್ಣಿನ ಇಂಗಾಲ ಸಾಕ್ಷಿ. ಕೊಡಲಿ ಹಿಡಿದ ಮನುಷ್ಯ ಬಂದದ್ದು ಎಷ್ಟೋ ಆಮೇಲೆ. ಈಚೆಗೆ ಸಂಶೋಧಕರಾದ ಎಂ.ಡಿ. ಮಧುಸೂದನ್ ಮತ್ತು ಅಬಿ ತಮಿಮ್ ವನಕ್ ಇಂಥ ಅರೆಒಣ ಬಯಲುಗಳ ನಕ್ಷೆ ಮಾಡಿದರು: ದೇಶದ ನೆಲದಲ್ಲಿ ಹತ್ತರಲ್ಲಿ ಒಂದು ಪಾಲು, ಅದರಲ್ಲಿ ರಕ್ಷಿತ ಪ್ರದೇಶದೊಳಗಿರುವುದು ಶೇ. 5ಕ್ಕೂ ಕಡಿಮೆ.

ನಕ್ಷೆ ಬಂದರೂ ಪಾಳುಭೂಮಿ ಎಂಬ ಹಣೆಪಟ್ಟಿ ಹೋಗಲಿಲ್ಲ. 2019ರಲ್ಲಿ ಜಗತ್ತಿನಲ್ಲಿ ಎಲ್ಲೆಲ್ಲಿ ಮರ ಬೆಳೆಸಬಹುದೆಂದು ತೋರಿಸಿದ ಜನಪ್ರಿಯ ನಕ್ಷೆಯೊಂದು ಸವನ್ನಾಗಳಿಗೂ ಹಸಿರು ಬಳಿಯಿತು. ಪರಿಣತರು ಕೂಡಲೇ ಪ್ರತಿಭಟಿಸಿದರು. ನಮ್ಮ ನಾಡಿನಲ್ಲೂ ಅಷ್ಟೇ: ಕೃಷ್ಣಮೃಗಕ್ಕೆಂದು 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದ ದೊಡ್ಡ ಪಾಲು ನೀಲಗಿರಿ ತೋಪು. ಬಯಲಲ್ಲೇ ಬಾಳುವ ಹೆಬ್ಬಕ ಹಕ್ಕಿ ಅಲ್ಲಿಂದ ಮರೆಯಾಯಿತು. ಚಳ್ಳಕೆರೆಯ ಅಮೃತ್ ಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ಸಂಸ್ಥೆಗಳ ಪಾಲಾಯಿತು. ಈ ಗತಿ ಬಂದದ್ದು ಮಲೆನಾಡಿನ ಕಾಡಿಗಾಗಿದ್ದರೆ ಕನ್ನಡದಲ್ಲಿ ಎಷ್ಟು ಪುಸ್ತಕ ಬರುತ್ತಿದ್ದವೋ! ಬಿ.ಜಿ.ಎಲ್. ಸ್ವಾಮಿ, ತೇಜಸ್ವಿ ನಮ್ಮ ಕಣ್ಣು ತೆರೆಸಿದ್ದು ಘಟ್ಟದ ಕಡೆಗೆ, ಮತ್ತೆ ಅದು ಇತ್ತ ಹೊರಳಲೇ ಇಲ್ಲ.

ನಮ್ಮ ಜಿಲ್ಲೆಯ ಮೇಲುಕೋಟೆ ಅಭಯಾರಣ್ಯ ತೋಳಕ್ಕೆ ಹೆಸರಾದದ್ದು. ತೋಳಕ್ಕೆ ಬೇಕಾದದ್ದು ಓಡಲು ಬಯಲು, ಬೇಟೆಗೆ ಮೊಲ, ಮರಿ ಹಾಕಲು ಪೊದೆಯ ಮರೆ. ಗೆಜ್ಜಲಗೆರೆಯ ಡೇರಿಗೆ ಹರಿಯುವ ಹಾಲಿಗೆ ನಾಲೆಯ ಮೇವಿನ ಆಸರೆಯಿದೆ. ಆದರೆ ಮಳವಳ್ಳಿ ತಾಲ್ಲೂಕಿನ ಬಂಡೂರಿನಲ್ಲಿ ಹುಟ್ಟಿ ನಾಡಿಗೆಲ್ಲ ಹೆಸರಾದ ಕುರಿ ತಳಿ ಬೆಳೆದದ್ದು ಮಳೆಯಾಶ್ರಯದ ಈ ಹುಲ್ಲಿನ ಮೇಲೆ. ಮರಗಳ ಲೆಕ್ಕವಂತೂ ಇದೆ: ಮುದುಮಲೆಯ ಕಾಡಿನಲ್ಲಿ ಬೆಂಗಳೂರಿನ ವಿಜ್ಞಾನಿಗಳು 1988ರಿಂದ 50 ಹೆಕ್ಟೇರಿನ ಒಂದೊಂದು ಮರವನ್ನೂ ಗುರುತು ಹಾಕಿ ಅಳೆಯುತ್ತ ಬಂದಿದ್ದಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ಗೋಮಾಳಗಳಲ್ಲಿ ಹುಲ್ಲನ್ನು ಹಾಗೆ ವರ್ಷವರ್ಷ ಅಳೆಯುವ ಒಂದು ಹೆಕ್ಟೇರನ್ನೂ ನಾನು ಕಂಡಿಲ್ಲ. ಸಸಿ ನೆಡುವವರು ಗುಂಡಿ ತೋಡುವ ಮುನ್ನ ಅಲ್ಲಿರುವ ಹುಲ್ಲುಗಳ ಪಟ್ಟಿಯನ್ನಾದರೂ ಮಾಡಲಿ. ಒಂದು ಮುಂಗಾರು, ಒಂದು ಹಿಂಗಾರು ಸಾಕು.