ಗ್ಲೌಸ್ ಹಾಕಿದರೆ ಗರಗಸದ ಮೆಷಿನ್‌ನಿಂದ ಕೈ ಉಳಿಯುತ್ತದೆಯೇ?

ಮರ ಕತ್ತರಿಸುವ ಮೆಷಿನ್ ಮುಟ್ಟುವ ಮೊದಲು ದಪ್ಪ ಗ್ಲೌಸ್ ಹಾಕಿಕೊಳ್ಳಿ, ಬೆರಳು ಉಳಿಯುತ್ತದೆ. ಈ ಸಲಹೆಯನ್ನು ಎಲ್ಲೋ ಕೇಳಿರುತ್ತೀರಿ ಅಥವಾ ನೀವೇ ಯಾರಿಗೋ ಹೇಳಿರುತ್ತೀರಿ. ಬಿಸಿ ಪಾತ್ರೆ ಹಿಡಿಯಲು ಬಟ್ಟೆ ಬೇಕು, ಮುಳ್ಳು ಕೀಳಲು ಗ್ಲೌಸ್ ಬೇಕು, ಹಾಗಿದ್ದ ಮೇಲೆ ಗರಗಸಕ್ಕೂ ಬೇಕು ಎಂದು ಅನ್ನಿಸುವುದು ಸಹಜ.

ನೇರ ಉತ್ತರ: ಇಲ್ಲ. ತಿರುಗುವ ಬ್ಲೇಡ್, ಡ್ರಿಲ್, ಲೇತ್, ಪ್ಲೇನರ್‌ಗಳ ಮುಂದೆ ಗ್ಲೌಸ್ ಅಪಾಯವನ್ನು ಹೆಚ್ಚಿಸುತ್ತದೆ. ಯಾಕೆ ಎಂದು ನೋಡೋಣ.

ಗ್ಲೌಸ್ ಕೈಯನ್ನು ಒಳಗೆ ಎಳೆಯುತ್ತದೆ

10 ಇಂಚು ಅಗಲದ, 40 ಹಲ್ಲುಗಳ ಬ್ಲೇಡ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಆಗ ಅದರ ಅಂಚಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಏನೋ ತಾಗಿತು ಎಂದು ಗೊತ್ತಾಗಿ ಕೈ ಹಿಂದೆಗೆಯಲು ನಮಗೆ ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಬ್ಲೇಡ್ 13 ಸುತ್ತು ಮುಗಿಸಿರುತ್ತದೆ, 500ಕ್ಕೂ ಹೆಚ್ಚು ಹಲ್ಲುಗಳು ಅದೇ ಜಾಗದಲ್ಲಿ ಹಾದುಹೋಗಿರುತ್ತವೆ. ‘ನನಗೆ 20 ವರ್ಷದ ಅನುಭವ ಇದೆ, ಕೈ ತೆಗೆದುಕೊಳ್ಳುತ್ತೇನೆ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಇಷ್ಟು ಬಲದ ಮುಂದೆ ಚರ್ಮದ ಗ್ಲೌಸ್ ಆಗಲಿ, ಬಟ್ಟೆಯದಾಗಲಿ ತಡೆಯಾಗುವುದಿಲ್ಲ. ಚಾಕು, ಗಾಜಿನ ಕೆಲಸಕ್ಕೆಂದು ಮಾಡಿದ ‘ಕಟ್ ಪ್ರೂಫ್’ ಗ್ಲೌಸ್ ಕೂಡ ಮೋಟರ್‌ನಿಂದ ತಿರುಗುವ ಹಲ್ಲುಗಳಿಗಾಗಿ ಮಾಡಿದ್ದಲ್ಲ. ಇನ್ನೊಂದು ತೊಂದರೆಯೂ ಇದೆ. ಬರಿಗೈಗೆ ಹಲ್ಲು ತಾಗಿದರೆ ತಾಗಿದ ಜಾಗ ಕತ್ತರಿಸುತ್ತದೆ. ಗ್ಲೌಸ್‌ನ ಒಂದು ಎಳೆ ಸಿಕ್ಕಿಕೊಂಡರೆ ಪೂರ್ತಿ ಗ್ಲೌಸ್, ಅದರ ಜೊತೆ ಅಂಗೈ, ಕೆಲವೊಮ್ಮೆ ತೋಳೇ ಒಳಗೆ ಎಳೆದುಕೊಂಡು ಹೋಗುತ್ತದೆ. ದಪ್ಪ ಗ್ಲೌಸ್‌ನಲ್ಲಿ ಬೆರಳ ತುದಿ ಎಲ್ಲಿದೆ ಎಂಬ ಅಂದಾಜೂ ತಪ್ಪುತ್ತದೆ.

ಇದೇ ಕಾರಣಕ್ಕೆ ಉಂಗುರ, ಬಳೆ, ಕೈಗಡಿಯಾರ, ಮಣಿಕಟ್ಟಿಗೆ ಕಟ್ಟಿದ ದಾರ, ಕತ್ತಿನ ಸರ, ಹೆಗಲ ಮೇಲಿನ ಟವೆಲ್, ಸಡಿಲ ತೋಳಿನ ಅಂಗಿ ಎಲ್ಲವೂ ಅಪಾಯ. ದೇವರ ದಾರವನ್ನು ಬಿಚ್ಚಲು ಮನಸ್ಸಿಲ್ಲದಿದ್ದರೆ ಮಣಿಕಟ್ಟಿನಿಂದ ಮೇಲೆ ಸರಿಸಿ, ಬಿಗಿಯಾದ ತೋಳಿನ ಒಳಗೆ ಸೇರಿಸಿ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ.

ಗ್ಲೌಸ್ ಯಾವಾಗ ಬೇಕು? ಒರಟು ಹಲಗೆ ಹೊರುವಾಗ, ಪಾಲಿಶ್ ಅಥವಾ ರಾಸಾಯನಿಕ ಹಚ್ಚುವಾಗ, ಪ್ಲಗ್ ಕಿತ್ತ ಮೇಲೆ ಬ್ಲೇಡ್ ಬದಲಾಯಿಸುವಾಗ. ಮರ ಕಡಿಯುವ ಚೈನ್ ಸಾ ಬೇರೆ ಬಗೆಯದು. ಅದನ್ನು ಎರಡೂ ಕೈಯಲ್ಲಿ ಹಿಡಿದು ನಡೆಸುವುದರಿಂದ ಅದಕ್ಕೆಂದೇ ಮಾಡಿದ ಗ್ಲೌಸ್ ಬಳಸುತ್ತಾರೆ.

ಹಲಗೆ ಹಿಂದಕ್ಕೆ ಹಾರುವುದು ಯಾಕೆ?

ಟೇಬಲ್ ಸಾದಲ್ಲಿ ಕೈ ಬ್ಲೇಡ್‌ಗೆ ತಾಗಲು ದೊಡ್ಡ ಕಾರಣವೊಂದು ‘ಕಿಕ್‌ಬ್ಯಾಕ್’. ಬ್ಲೇಡ್‌ನ ಮುಂಭಾಗದ ಹಲ್ಲುಗಳು ಮರವನ್ನು ಟೇಬಲ್ ಕಡೆಗೆ ಒತ್ತುತ್ತವೆ, ಹಿಂಭಾಗದ ಹಲ್ಲುಗಳು ಮೇಲಕ್ಕೆ ಏರುತ್ತಿರುತ್ತವೆ. ಕತ್ತರಿಸಿದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿದರೆ ಅಥವಾ ಹಲಗೆ ಸ್ವಲ್ಪ ತಿರುಗಿದರೆ, ಹಿಂಭಾಗದ ಹಲ್ಲು ಅದನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತದೆ. ಹಲಗೆ ಹೊಟ್ಟೆಗೋ ಮುಖಕ್ಕೋ ಬಡಿಯುತ್ತದೆ. ಅದನ್ನು ತಳ್ಳುತ್ತಿದ್ದ ಕೈ ಆಧಾರ ತಪ್ಪಿ ಬ್ಲೇಡ್ ಮೇಲೆ ಬೀಳುತ್ತದೆ.

ಇದನ್ನು ತಡೆಯಲು ಬ್ಲೇಡ್‌ನ ಹಿಂದೆ ‘ರೈವಿಂಗ್ ನೈಫ್’ ಎಂಬ ಲೋಹದ ಪಟ್ಟಿ ಇರುತ್ತದೆ. ಅದು ಸೀಳು ಮುಚ್ಚದಂತೆ ನೋಡಿಕೊಳ್ಳುತ್ತದೆ. ಅಡ್ಡಿಯಾಗುತ್ತದೆ ಎಂದು ಮೊದಲ ದಿನವೇ ಬಿಚ್ಚಿಡುವುದು ಇದನ್ನೇ, ಜೊತೆಗೆ ಮೇಲಿನ ಗಾರ್ಡನ್ನು.

ನಮ್ಮಲ್ಲಿ ಮನೆ ಇಂಟೀರಿಯರ್ ಕೆಲಸ ನಡೆಯುವ ಕಡೆ ಮಾರ್ಬಲ್ ಕಟ್ಟರನ್ನು ಉಲ್ಟಾ ಮಾಡಿ ಪ್ಲೈವುಡ್ ಕೆಳಗೆ ಬಿಗಿದು ‘ಟೇಬಲ್ ಸಾ’ ಮಾಡಿಕೊಳ್ಳುವುದುಂಟು. ಅದರಲ್ಲಿ ಗಾರ್ಡ್ ಇಲ್ಲ, ರೈವಿಂಗ್ ನೈಫ್ ಇಲ್ಲ, ಕೈಗೆ ತಕ್ಷಣ ಸಿಗುವ ಸ್ವಿಚ್ಚೂ ಇಲ್ಲ. 4 ಇಂಚಿನ ಕಟ್ಟರ್‌ಗಳು ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಮರದ ಬ್ಲೇಡ್ ಎಷ್ಟು ವೇಗ ತಡೆಯುತ್ತದೆ ಎಂದು ಬ್ಲೇಡ್ ಮೇಲೆಯೇ ಬರೆದಿರುತ್ತದೆ. ಮೆಷಿನ್ ಅದಕ್ಕಿಂತ ವೇಗವಾಗಿ ತಿರುಗಿದರೆ ಹಲ್ಲು ಕಿತ್ತು ಹಾರಬಹುದು. ಆ್ಯಂಗಲ್ ಗ್ರೈಂಡರ್‌ಗೆ ಮರದ ಬ್ಲೇಡ್ ಹಾಕುವುದೂ ಇಷ್ಟೇ ಅಪಾಯದ ಕೆಲಸ.

ಬೆರಳು ತಾಗಿದರೆ ನಿಲ್ಲುವ ಮೆಷಿನ್ ವಿಡಿಯೊ

ತಿರುಗುವ ಬ್ಲೇಡ್‌ಗೆ ಸಾಸೇಜ್ ತಾಗಿಸಿದ ಕೂಡಲೇ ಬ್ಲೇಡ್ ಟಪ್ ಎಂದು ನಿಂತು ಕೆಳಗೆ ಇಳಿಯುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅಂಥ ಮೆಷಿನ್ ನಿಜವಾಗಿಯೂ ಇದೆ. ಅಮೆರಿಕದ ಸ್ಟೀವ್ ಗ್ಯಾಸ್ 1999ರಲ್ಲಿ ರೂಪಿಸಿದ ‘ಸಾಸ್ಟಾಪ್’ ತಂತ್ರ ಅದು. ಬ್ಲೇಡ್‌ನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಚರ್ಮ ತಾಗಿದಾಗ ಆ ಸಂಕೇತ ಬದಲಾಗುತ್ತದೆ, ಅಲ್ಯೂಮಿನಿಯಂ ಬ್ರೇಕ್ ಹಲ್ಲುಗಳಿಗೆ ನುಗ್ಗಿ ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುತ್ತದೆ.

ಆದರೆ ಎಲ್ಲ ಮೆಷಿನ್‌ಗಳಲ್ಲೂ ಇದು ಇರುವುದಿಲ್ಲ. ಸಾಮಾನ್ಯ ಮೆಷಿನ್ ಬೆರಳಿಗೂ ಮರಕ್ಕೂ ವ್ಯತ್ಯಾಸ ನೋಡುವುದಿಲ್ಲ. ಸ್ವಿಚ್ ಆಫ್ ಮಾಡಿದ ಮೇಲೂ ಬ್ಲೇಡ್ ಕೆಲವು ಸೆಕೆಂಡ್ ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ತುಂಡು ತೆಗೆಯಲು ಕೈ ಹಾಕಬೇಡಿ. ಆ ವಿಡಿಯೊ ನೋಡಿ ಯಾರೂ ತಮ್ಮ ಮೆಷಿನ್‌ನಲ್ಲಿ ಪರೀಕ್ಷೆ ಮಾಡಲೇಬಾರದು.

ಕೈ ಉಳಿಸುವ ಅಭ್ಯಾಸಗಳು

1. ಗಾರ್ಡ್ ಮತ್ತು ರೈವಿಂಗ್ ನೈಫ್ ಸ್ಥಾನದಲ್ಲೇ ಇರಲಿ.
2. ಬ್ಲೇಡ್ ಹತ್ತಿರ ಹಲಗೆ ತಳ್ಳಲು ಕೈ ಬದಲು ಮರದ ತಳ್ಳುಕೋಲು ಬಳಸಿ. ಉಳಿದ ತುಂಡಿನಲ್ಲಿ ಐದು ನಿಮಿಷದಲ್ಲಿ ಮಾಡಿಕೊಳ್ಳಬಹುದು.
3. ಬ್ಲೇಡ್‌ನ ನೇರಕ್ಕೆ ನಿಲ್ಲಬೇಡಿ, ಸ್ವಲ್ಪ ಪಕ್ಕಕ್ಕೆ ನಿಲ್ಲಿ.
4. ಆಧಾರವಿಲ್ಲದೆ ಬರಿಗೈಯಲ್ಲಿ ಹಲಗೆ ತಿರುಗಿಸುತ್ತಾ ಕತ್ತರಿಸಬೇಡಿ.
5. ಹಳೆಯ ಮರದಲ್ಲಿ ಮೊಳೆ ಇದೆಯೇ ಎಂದು ಮೊದಲೇ ನೋಡಿ.
6. ಬ್ಲೇಡ್ ಬದಲಾಯಿಸುವ ಮೊದಲು ಸ್ವಿಚ್ ಸಾಲದು, ಪ್ಲಗ್ಗನ್ನೇ ಕೀಳಿ.
7. ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್, ಮೂಗಿಗೆ ಮಾಸ್ಕ್ ಇರಲಿ.
8. ನಿದ್ದೆಗೆಟ್ಟಾಗ, ಕುಡಿದಾಗ ಮೆಷಿನ್ ಹತ್ತಿರ ಹೋಗಬೇಡಿ.

ಅಪಾಯದ ಭಾಗಗಳಿಗೆ ಗಟ್ಟಿ ತಡೆ ಇರಬೇಕು, ಮೆಷಿನ್ ಓಡುವಾಗ ಅದನ್ನು ತೆಗೆಯಬಾರದು ಎಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬಂದಿತ್ತು. ಆದರೆ ಇಬ್ಬರು ಮೂವರು ಕೆಲಸ ಮಾಡುವ ಶೆಡ್‌ಗೆ, ಕಟ್ಟುತ್ತಿರುವ ಮನೆಗೆ ತಪಾಸಣೆಗೆ ಬರುವವರು ಅಪರೂಪ. ಅಲ್ಲಿ ಗಾರ್ಡ್ ಇದೆಯೇ ಎಂದು ಕೇಳಬೇಕಾದವರು ಕೆಲಸ ಮಾಡುವವರು, ಜೊತೆಗೆ ಮಾಡಿಸುವ ಮನೆಯವರು.

ಬೆರಳು ತುಂಡಾದರೆ ಐಸ್‌ನಲ್ಲಿ ಇಡಬೇಕೇ?

ಇದು ಅರ್ಧ ಸತ್ಯ, ಆ ಅರ್ಧ ತಪ್ಪಿದರೆ ಬೆರಳು ಹೋಗುತ್ತದೆ. ಬೆರಳು ತಂಪಾಗಿರಬೇಕು, ಆದರೆ ಐಸ್ ನೇರವಾಗಿ ತಾಗಬಾರದು. ತಾಗಿದರೆ ಸೂಕ್ಷ್ಮ ರಕ್ತನಾಳಗಳು ಹೆಪ್ಪುಗಟ್ಟಿ ಹಾಳಾಗುತ್ತವೆ, ಮರುಜೋಡಣೆ ಆಗದೇ ಹೋಗಬಹುದು.

ಹೀಗೆ ಮಾಡಿ. ಮೊದಲು ಮೆಷಿನ್ ಆಫ್ ಮಾಡಿ. ಗಾಯದ ಮೇಲೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೈ ಎತ್ತರದಲ್ಲಿಡಿ. 108ಕ್ಕೆ ಕರೆ ಮಾಡಿ. ತುಂಡಾದ ಬೆರಳಿಗೆ ಕೊಳೆ ಅಂಟಿದ್ದರೆ ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ, ಉಜ್ಜಬೇಡಿ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಒಳಗೆ ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ. ಆ ಚೀಲವನ್ನು ಐಸ್ ಮತ್ತು ನೀರು ಇರುವ ಇನ್ನೊಂದು ಚೀಲದಲ್ಲಿಡಿ. ಗಾಯಾಳುವಿನ ಜೊತೆಗೇ ಕಳುಹಿಸಿ. ಬೆರಳು ಜೋಡಿಸುವ ಪ್ಲಾಸ್ಟಿಕ್ ಸರ್ಜರಿ ವಿಭಾಗ ಎಲ್ಲಿದೆ ಎಂದು ದಾರಿಯಲ್ಲೇ ಫೋನ್ ಮಾಡಿ ವಿಚಾರಿಸಿ.

ಗಾಯಕ್ಕೆ ಅರಿಶಿನ, ಕಾಫಿಪುಡಿ ತುಂಬಬೇಡಿ. ಬೆರಳನ್ನು ಹಾಲಿನಲ್ಲೋ ಸ್ಪಿರಿಟ್‌ನಲ್ಲೋ ಹಾಕಬೇಡಿ. ಶಸ್ತ್ರಚಿಕಿತ್ಸೆ ಬೇಕಾಗುವುದರಿಂದ ಗಾಯಾಳುವಿಗೆ ತಿನ್ನಲು, ಕುಡಿಯಲು ಏನೂ ಕೊಡಬೇಡಿ.

ಫಾರ್ವರ್ಡ್ ಮಾಡುವ ಮುನ್ನ

ಗ್ಲೌಸ್ ಹಾಕಿ ಎನ್ನುವ ಸಂದೇಶದ ಬದಲು ಇದನ್ನು ಕಳುಹಿಸಿ: ತಿರುಗುವ ಮೆಷಿನ್ ಮುಂದೆ ಗ್ಲೌಸ್ ಬೇಡ, ಗಾರ್ಡ್ ಬೇಕು, ತಳ್ಳುಕೋಲು ಬೇಕು. ಆಯುಧಪೂಜೆಗೆಂದು ವರ್ಷಕ್ಕೊಮ್ಮೆ ಮೆಷಿನ್ ಒರೆಸಿ ಹೂವು ಏರಿಸುತ್ತೇವೆ. ಅಟ್ಟದ ಮೇಲೆ ದೂಳು ತಿನ್ನುತ್ತಿರುವ ಗಾರ್ಡನ್ನು ಇಳಿಸಿ ಬಿಗಿಯಲು ಅಲ್ಲಿವರೆಗೆ ಕಾಯಬೇಕಾಗಿಲ್ಲ, ಇವತ್ತೇ ಮಾಡಬಹುದು.