ಕಿತ್ತಿಕೋ-ಹಚ್ಚಿಕೋ

2008ರಲ್ಲಿ ಚಾಕಣ ಹತ್ತಿರ ಬರಲಿದ್ದ ಡೌ ಕಂಪನಿಯ ಸಂಶೋಧನಾ ಕೇಂದ್ರವನ್ನು ವಾರಕರಿಗಳು ವಿರೋಧಿಸಿದರು. ಇಂದ್ರಾಯಣಿ ಕೆಡುತ್ತಾಳೆ ಅನ್ನೋದು ಅವರ ಭಯ. ದೇಹೂ ರೋಡಿನಲ್ಲಿ ನೆಲೆಸಿ ಎಷ್ಟೋ ವರ್ಷವಾಗಿರುವ ನನಗೆ ಆಗ ನೆನಪಾದದ್ದು ನಮ್ಮ ತುಂಗಭದ್ರೆ, ಮತ್ತು ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಮಂದಿ.

1984ರಲ್ಲಿ ಎಸ್.ಆರ್. ಹಿರೇಮಠ ಮತ್ತು ಸಂಗಾತಿಗಳು ಕಟ್ಟಿದ ಸಂಸ್ಥೆ ಅದು. ಹರಿಹರ ಪಾಲಿಫೈಬರ್ಸ್ ಹೊಳೆಗೆ ಬಿಡುತ್ತಿದ್ದ ಹೊಲಸು ನೀರಿನ ವಿರುದ್ಧ ಮೊದಲು ದನಿ ಎತ್ತಿದರು. ಅದೇ ವರ್ಷ ಸರ್ಕಾರ ಆ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಹುಟ್ಟುಹಾಕಿತು. ಸುಮಾರು 30 ಸಾವಿರ ಹೆಕ್ಟೇರ್ ನೆಲದಲ್ಲಿ ನೀಲಗಿರಿ ಬೆಳೆಸುವ ಲೆಕ್ಕ! ದನ ಮೇಯುವುದೆಲ್ಲಿ? ಬಡವರು ಸೌದೆ ತರುವುದೆಲ್ಲಿಂದ?

ಈ ಕಾರ್ಯಕರ್ತರು ಊರೂರು ತಿರುಗಿ ಸಹಿ ಕೂಡಿಸಿದರು. ಶಿವರಾಮ ಕಾರಂತರೊಡನೆ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಪಲ್ಪ್‌ವುಡ್ ಕಂಪನಿ ಮುಚ್ಚಿತು.

ನಮ್ಮ ಕಡೆ ಹಚ್ಚುವುದು ಅಂದ್ರೆ ನೆಡುವುದು ಅಂತಲೂ ಅರ್ಥ. ಬರೀ ಕಿತ್ತು ಬಂದಿದ್ದರೆ ಅದು ಒಂದು ದಿನದ ಗಲಾಟೆ ಆಗಿರುತ್ತಿತ್ತು ನೋಡಿ. ಆ ನೆಲದಲ್ಲಿ ಏನು ಬೆಳೆಯಬೇಕು ಅಂತ ಊರವರೇ ಹೇಳಿದ್ದು ಅದರ ದೊಡ್ಡ ಗೆಲುವು.