ಕಾಲೇಜಿನ ಹೆಸರು ಮತ್ತು ಕೀಳರಿಮೆ: ಚರಿತ್ರೆ ಏನು ಹೇಳುತ್ತದೆ?

"ಯಾವ ಕಾಲೇಜು?" ಎಂಬ ಪ್ರಶ್ನೆ ನಿಮಗೆ ಹೊಸದಲ್ಲ. ಮದುವೆ ಮನೆಯಲ್ಲೂ, ಬಸ್ಸಿನಲ್ಲೂ, ಕೆಲಸದ ಸಂದರ್ಶನದಲ್ಲೂ ಅದು ಎದುರಾಗುತ್ತದೆ. ಹಿರಿಯಡ್ಕದಿಂದ ಆತ್ರಾಡಿ, ಪರ್ಕಳ ದಾಟಿದರೆ ಮಣಿಪಾಲ. ಒಂದೇ ಬಸ್ಸಿನಲ್ಲಿ ಮಣಿಪಾಲದಲ್ಲಿ ಕಲಿಯುವವರೂ ಇರುತ್ತಾರೆ, ಊರಿನ ಸರಕಾರಿ ಕಾಲೇಜಿನಲ್ಲಿ ಕಲಿಯುವವರೂ ಇರುತ್ತಾರೆ. ಆ ಪ್ರಶ್ನೆ ಬಂದಾಗ ಕೆಲವರು ತಲೆಯೆತ್ತಿ ಉತ್ತರಿಸುತ್ತಾರೆ, ಕೆಲವರು ಮಾತು ಬದಲಿಸುತ್ತಾರೆ. ಈ ಮೇಲು ಕೀಳು ಎಲ್ಲಿಂದ ಬಂತು? ಚರಿತ್ರೆಯನ್ನು ಕೇಳಿ ನೋಡೋಣ.

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ಬಹುಕಾಲ ಅಲ್ಲಿನ ಅಧಿಕೃತ ಚರ್ಚಿಗೆ ಸೇರದವರಿಗೆ ಪದವಿ ಸಿಗುತ್ತಿರಲಿಲ್ಲ. ಅಂಥವರಿಗೂ ಬಾಗಿಲು ತೆರೆದ ಕಾಲೇಜು 1826ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದಾಗ ಹಳಬರು ಅದನ್ನು "ದೇವರಿಲ್ಲದ ಸಂಸ್ಥೆ" ಎಂದು ಹೀಯಾಳಿಸಿದರು. ಆದರೆ 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು ಆಕ್ಸ್‌ಫರ್ಡ್ ಮಾದರಿಯಲ್ಲಲ್ಲ, ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ. ಪಾಠ ಕಾಲೇಜಿನಲ್ಲಿ, ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾನಿಲಯದಿಂದ. ಯಾವ ಕಾಲೇಜಿನಲ್ಲಿ ಓದಿದರೂ ಪ್ರಶ್ನೆಪತ್ರಿಕೆ ಒಂದೇ.

ನಮ್ಮ ಭಾಗದ ಕಾಲೇಜುಗಳು ಬೆಳೆದದ್ದು ಈ ನೆರಳಿನಲ್ಲೇ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರದು. ಉಡುಪಿಯ ಎಂ.ಜಿ.ಎಂ. ಕಾಲೇಜು ಬಂದದ್ದು 1949ರಲ್ಲಿ, ಕಾರ್ಕಳದ ಭುವನೇಂದ್ರ ಕಾಲೇಜು 1960ರಲ್ಲಿ. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಹಳೆಯದು ಹೊಸದು, ಪೇಟೆಯದು ಹಳ್ಳಿಯದು ಎನ್ನದೆ ಇವೆಲ್ಲ ಒಂದೇ ಪರೀಕ್ಷೆಯಡಿ ಬಂದವು.

ಇನ್ನು ಮಣಿಪಾಲದ ಕಥೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದಾಗ ಅದು ಬೋಳುಗುಡ್ಡ. ಖಾಸಗಿಯವರು ಡಾಕ್ಟರರನ್ನು ತಯಾರು ಮಾಡಬಲ್ಲರೇ ಎಂಬ ಸಂಶಯ ಹಲವರಲ್ಲಿತ್ತು. ರೋಗಿಗಳ ಬಳಿ ಕಲಿಯಬೇಕಾದ ಪಾಠಕ್ಕೆ ವಿದ್ಯಾರ್ಥಿಗಳು ಹೋದದ್ದು ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆಗೆ. ಇಂದು ಇಷ್ಟು ಹೆಸರು ಪಡೆದ ಸಂಸ್ಥೆಯೂ ಸರಕಾರಿ ಆಸ್ಪತ್ರೆಯ ಆಸರೆಯಲ್ಲೇ ಬೆಳೆಯಿತು ಎಂಬುದನ್ನು ಮರೆಯಬೇಡಿ.

ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಹೆಚ್ಚಿದಂತೆ ವಂತಿಗೆಯ ಪ್ರಶ್ನೆ ಎದ್ದಿತು. 1984ರಲ್ಲಿ ಕರ್ನಾಟಕ ವಂತಿಗೆ ನಿಷೇಧ ಕಾಯಿದೆ ತಂದಿತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅರ್ಧ ಸೀಟು ಕಡಿಮೆ ಶುಲ್ಕದ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಎಂದು ವಿಂಗಡಿಸಿತು. ಒಂದೇ ಬೆಂಚಿನಲ್ಲಿ ಎರಡು ಹೆಸರಿನ ವಿದ್ಯಾರ್ಥಿಗಳು! ಒಬ್ಬನಿಗೆ "ಇವನ ಬಳಿ ದುಡ್ಡಿಲ್ಲ" ಎಂಬ ನೋಟ, ಇನ್ನೊಬ್ಬನಿಗೆ "ಇವನಿಗೆ ಅಂಕವಿಲ್ಲ" ಎಂಬ ನೋಟ. ಕೀಳರಿಮೆ ಇಬ್ಬರಿಗೂ ಹಂಚಿ ಹೋಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಾಧೀಶರ ಪೀಠ ಆ ವ್ಯವಸ್ಥೆಯನ್ನು ತಳ್ಳಿಹಾಕಿತು. ಕಾಯಿದೆ ಬದಲಾಯಿತು, ಆದರೆ ನೋಟ ಅಷ್ಟು ಬೇಗ ಬದಲಾಗಲಿಲ್ಲ.

ಈ ನಡುವೆ ಒಂದೇ ಪ್ರಶ್ನೆಪತ್ರಿಕೆಯ ಸಮಾನತೆಯೂ ಸಡಿಲವಾಯಿತು. ಮಣಿಪಾಲ 1993ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯವಾಯಿತು. ಅಲೋಶಿಯಸ್ 2007ರಲ್ಲಿ ಸ್ವಾಯತ್ತವಾಗಿ 2024ರಲ್ಲಿ ಡೀಮ್ಡ್ ಆಯಿತು. ಪ್ರಯೋಗಾಲಯ, ಗ್ರಂಥಾಲಯ, ಕ್ಯಾಂಪಸ್ ಸಂದರ್ಶನಗಳಲ್ಲಿ ಅಂತರ ಇರುವುದು ನಿಜ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದು ಸೌಲಭ್ಯದ ಅಂತರ, ಬುದ್ಧಿಯ ಅಂತರವಲ್ಲ. ಇವೆರಡನ್ನೂ ಒಂದೆಂದು ಭಾವಿಸಿದ ಕ್ಷಣದಲ್ಲೇ ಕೀಳರಿಮೆ ಮನಸ್ಸಿಗೆ ಕಾಲಿಡುತ್ತದೆ.

ಭಾಷೆಯ ಅಂಜಿಕೆಯೂ ಹೀಗೆಯೇ. "ನಾನು ಕನ್ನಡ ಮೀಡಿಯಂ, ನಾನು ಉರ್ದು ಮೀಡಿಯಂ" ಎಂದು ತರಗತಿಯಲ್ಲಿ ಬಾಯಿ ತೆರೆಯದೆ ಕುಳಿತುಕೊಳ್ಳುವವರಿದ್ದಾರೆ. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವಿನಲ್ಲೇ ಪಾಠ ಹೇಳಿತು. ಪಠ್ಯಗಳಿಗಾಗಿ ಅನುವಾದದ ವಿಭಾಗವನ್ನೇ ತೆರೆಯಿತು. ವೈದ್ಯಶಾಸ್ತ್ರವನ್ನೂ ಆ ಭಾಷೆಯಲ್ಲಿ ಕಲಿಸಿತು. ಇಂಗ್ಲಿಷ್ ಕಲಿಯಲೇಬೇಕು, ಸಂಶಯವಿಲ್ಲ. ಆದರೆ ಮನೆಮಾತಿಗಾಗಿ ತಲೆತಗ್ಗಿಸಬೇಕಾಗಿಲ್ಲ.

ಪೈಪೋಟಿ ಕೆಟ್ಟದ್ದೇ? ಅಲ್ಲ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ 1829ರಲ್ಲಿ ದೋಣಿ ಸ್ಪರ್ಧೆ ಆರಂಭಿಸಿದವು, ಇಂದಿಗೂ ನಡೆಸುತ್ತಿವೆ. ನಮ್ಮ ಅಂತರ್ ಕಾಲೇಜು ಕ್ರೀಡಾಕೂಟ, ಚರ್ಚಾಸ್ಪರ್ಧೆಗಳೂ ಅಂಥವೇ. ಮೈದಾನದಲ್ಲಿ ಗೆಲ್ಲುವ ಹಠ ಇರಲಿ, ಮೈದಾನದ ಹೊರಗೆ ತಾತ್ಸಾರ ಬೇಡ. ಬೇರೆ ಕಾಲೇಜಿನ ವಿಚಾರ ಸಂಕಿರಣಕ್ಕೆ ಹೋಗಿ, ಪ್ರಶ್ನೆ ಕೇಳಿ, ಅಲ್ಲಿನವರ ಸ್ನೇಹ ಬೆಳೆಸಿ.

ಸಂಘದ ಹಿರಿಯರಲ್ಲೂ ಒಂದು ಮಾತು. ಮನೆಗೆ ಹತ್ತಿರದ ಸರಕಾರಿ ಕಾಲೇಜು ಇದೆಯೆಂಬ ಕಾರಣಕ್ಕೇ ಪದವಿ ಓದುತ್ತಿರುವ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. "ಅದೂ ಒಂದು ಕಾಲೇಜೇ?" ಎಂಬ ನಮ್ಮ ಒಂದು ಮಾತು ಆ ಓದನ್ನೇ ನಿಲ್ಲಿಸಬಹುದು, ಅಥವಾ ಪ್ರತಿಷ್ಠೆಗಾಗಿ ತಂದೆಯನ್ನು ಸಾಲಕ್ಕೆ ನೂಕಬಹುದು. ಪ್ರತಿಭಾ ಪುರಸ್ಕಾರ ಕೊಡುವಾಗ, ವಿದ್ಯಾರ್ಥಿವೇತನದ ಅರ್ಜಿ ನೋಡುವಾಗ ಕಾಲೇಜಿನ ಹೆಸರಿಗಿಂತ ಮಗು ಎಲ್ಲಿಂದ ಹೊರಟು ಎಷ್ಟು ದೂರ ಬಂದಿದೆ ಎಂಬುದನ್ನು ನೋಡೋಣ. ಕಾಲೇಜಿಗೆ ಹೆಸರು ಬರುವುದು ಅಲ್ಲಿ ಕಲಿತವರಿಂದ. ವಿದ್ಯಾರ್ಥಿಗಳೇ, ಆ ಕೆಲಸ ಈಗ ನಿಮ್ಮ ಕೈಯಲ್ಲಿದೆ.